ಲವ್ವಾ? ಫ್ರೆಂಡ್‌ಶಿಪ್ಪಾ? ಒಂದು ಆಪ್ಷನ್ ಆರಿಸಿ

‘ನಾವಿಬ್ಬರೂ ಏನು?’

ಎರಡೇ ಪದದ ಈ ಪ್ರಶ್ನೆಯಷ್ಟು ಕಷ್ಟದ ಪ್ರಶ್ನೆ ಯಾವ ಸೆಮಿಸ್ಟರಿನಲ್ಲೂ ಬಂದಿಲ್ಲ. ಮ್ಯಾಥ್ಸ್ ಪೇಪರ್‌ನಲ್ಲಾದರೆ ಗೊತ್ತಿಲ್ಲದ ಪ್ರಶ್ನೆಯನ್ನು ಚಾಯ್ಸ್‌ನಲ್ಲಿ ಬಿಟ್ಟುಬಿಡಬಹುದು. ಇದನ್ನು ಬಿಟ್ಟರೆ ತಿಂಗಳುಗಟ್ಟಲೆ ನಿದ್ದೆ ಕೆಡುತ್ತದೆ. ಬೆಳಿಗ್ಗೆ ಗುಡ್ ಮಾರ್ನಿಂಗ್, ರಾತ್ರಿ ಒಂದೂವರೆವರೆಗೆ ಚಾಟ್, ಕ್ಯಾಂಟೀನಿನಲ್ಲಿ ಇಬ್ಬರಿಗೂ ಒಂದೇ ಪ್ಲೇಟ್ ಗೋಬಿ, ಬಸ್ಸಿನಲ್ಲಿ ಒಂದೇ ಇಯರ್‌ಫೋನಿನ ಎರಡು ತುದಿ. ಎಲ್ಲವೂ ಇದೆ. ಆದರೆ ಯಾರಾದರೂ ‘ಏನ್ ಕಥೆ ನಿಮ್ದು?’ ಎಂದರೆ ಉತ್ತರ ಮಾತ್ರ ‘ಏ, ಸುಮ್ನಿರೇ, ಜಸ್ಟ್ ಫ್ರೆಂಡ್ಸ್’. ಆ ‘ಜಸ್ಟ್’ ಎಂಬ ಒಂದು ಪದದೊಳಗೆ ಎಷ್ಟು ಜನರ ಎಷ್ಟು ರಾತ್ರಿಗಳು ಹೂತುಹೋಗಿವೆಯೋ!

ಈ ನಡುವಿನ ಸ್ಥಿತಿಗೆ ಈಗ ಹೆಸರೂ ಬಂದಿದೆ: ಸಿಚುವೇಷನ್‌ಶಿಪ್. 2023ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಆರಿಸುವಾಗ ಕೊನೆಯ ಸುತ್ತಿಗೆ ಬಂದ ನಾಲ್ಕು ಪದಗಳಲ್ಲಿ ಇದೂ ಒಂದು. ಗೆದ್ದದ್ದು ಮಾತ್ರ ‘ರಿಜ್’, ಅಂದರೆ ಎದುರಿನವರನ್ನು ಸೆಳೆಯುವ ಕಲೆ. ಸೆಳೆಯುವುದು ಗೊತ್ತು, ಸೆಳೆದ ಮೇಲೆ ಏನು ಮಾಡಬೇಕೆಂಬುದು ಗೊತ್ತಿಲ್ಲ. ನಮ್ಮ ಪೀಳಿಗೆಯ ಕಥೆಯನ್ನು ಆ ಎರಡು ಪದಗಳೇ ಹೇಳಿಬಿಟ್ಟವು.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಮೊಬೈಲ್ ಆಟಗಳಿಂದ. ನಮ್ಮ ಹುಡುಗಿಯರ ಹಾಸ್ಟೆಲ್‌ನಲ್ಲಿ ಪಬ್ಜಿ ಆಡುವವರಷ್ಟೇ ಇಂಟರ್ಯಾಕ್ಟಿವ್ ಪ್ರೇಮಕಥೆ ಆಡುವವರೂ ಇದ್ದಾರೆ. ‘ಎಪಿಸೋಡ್’, ‘ಚಾಯ್ಸಸ್’ ಥರದ ಆ್ಯಪ್‌ಗಳು ನಿಮಗೂ ಗೊತ್ತಿರಬಹುದು. ಕಥೆ ಓದುತ್ತಾ ಹೋಗಬೇಕು, ಕಥಾನಾಯಕಿ ನೀವೇ. ನಡುನಡುವೆ ಕಥೆ ನಿಂತು ನಿಮ್ಮನ್ನು ಕೇಳುತ್ತದೆ: ಅವನ ಕೈ ಹಿಡಿಯುತ್ತೀಯಾ? ನಕ್ಕು ಸುಮ್ಮನಾಗುತ್ತೀಯಾ? ಎದ್ದು ಹೋಗುತ್ತೀಯಾ? ನೀವು ಒತ್ತಿದ ಹಾಗೆ ಕಥೆ ತಿರುಗುತ್ತದೆ. ದೊಡ್ಡವರ ಕಣ್ಣಿಗೆ ಇದು ಶುದ್ಧ ಟೈಂಪಾಸ್. ಆದರೆ ಇಂಥ ಹಲವು ಕಥೆ ಮುಗಿಸಿದ ಮೇಲೆ ನನಗೆ ಅನಿಸಿದ್ದು ಬೇರೆ. ನಾವು ಬದುಕಿನಲ್ಲಿ ಎಲ್ಲಿ ತೊದಲುತ್ತೇವೋ ಅಲ್ಲೇ ಈ ಆಟಗಳು ನೇರವಾಗಿ ಪ್ರಶ್ನೆ ಕೇಳುತ್ತವೆ. ಜೊತೆಗೆ, ಅಷ್ಟೇ ನೇರವಾಗಿ ಒಂದು ಸುಳ್ಳನ್ನೂ ಹೇಳುತ್ತವೆ.

ಬೆಲೆ ಕೊಡದ ವೇರಿಯಬಲ್

ಮೊದಲು ಒಳಗಿನ ಯಂತ್ರ ನೋಡೋಣ. ಇಂಥ ಕಥೆ ತಯಾರಿಸಲು ‘ರೆನ್‌ಪೈ’ ಎಂಬ ಉಚಿತ ಸಾಫ್ಟ್‌ವೇರ್ 2004ರಿಂದಲೂ ಇದೆ. ಪೈಥಾನ್ ಕಲಿತವರಿಗೆ ಅದು ಕಷ್ಟವೇನಲ್ಲ. ಪ್ರತಿ ಪಾತ್ರಕ್ಕೂ ಒಂದು ವೇರಿಯಬಲ್ ಇಡುತ್ತೀರಿ. ಆಟಗಾರ ಒಳ್ಳೆಯ ಮಾತಾಡಿದರೆ ಅದಕ್ಕೆ ಒಂದೆರಡು ಅಂಕ ಕೂಡುತ್ತದೆ, ಮುಖ ತಿರುಗಿಸಿದರೆ ಕಳೆಯುತ್ತದೆ. ಒಂದು ಹಂತದಲ್ಲಿ ‘ಇಫ್’ ಕಂಡಿಷನ್ ಬರುತ್ತದೆ. ಅಂಕ ಇಷ್ಟು ದಾಟಿದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ. ಈ ದಾರಿಗೆ ಆಟಗಾರರ ಭಾಷೆಯಲ್ಲಿ ‘ರೂಟ್’ ಎನ್ನುತ್ತಾರೆ. ಒಬ್ಬರ ರೂಟ್ ಹಿಡಿದ ಮೇಲೆ ಕಥೆ ಅವರದೇ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ನೀವು ಬಟನ್ ಒತ್ತುವ ತನಕ ಕಥೆ ನಿಂತೇ ಇರುತ್ತದೆ. ‘ನೋಡೋಣ, ಆಗಿದ್ದಾಗಲಿ’ ಎಂಬ ಆಪ್ಷನ್ ಹಾಕಿದರೂ ಅದನ್ನು ನೀವೇ ಒತ್ತಬೇಕು. ಬದುಕಿನಲ್ಲಿ ಹಾಗಲ್ಲ. ನಾವು ಏನೂ ಒತ್ತದಿದ್ದರೂ ಕಥೆ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರಾದ ಸ್ಕಾಟ್ ಸ್ಟಾನ್ಲಿ, ಗಲೀನಾ ರೋಡ್ಸ್ ಮತ್ತು ಹೋವರ್ಡ್ ಮಾರ್ಕ್‌ಮನ್ 2006ರಲ್ಲಿ ಒಂದು ಲೇಖನ ಬರೆದರು. ಜೊತೆಗೆ ವಾಸಿಸಲು ಶುರುಮಾಡುವ ಜೋಡಿಗಳ ಬಗ್ಗೆ ಅವರು ಎರಡು ಪದ ಬಳಸಿದರು. ಒಂದು ‘ಜಾರುವುದು’, ಇನ್ನೊಂದು ‘ನಿರ್ಧರಿಸುವುದು’. ಬಹಳಷ್ಟು ಜೋಡಿಗಳು ಕೂತು ಮಾತಾಡಿ ತೀರ್ಮಾನ ಮಾಡುವುದಿಲ್ಲ, ಒಂದು ಹಂತದಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತಾರೆ. ಜಾರಿದ ಮೇಲೆ ಹೊರಬರುವುದು ಕಷ್ಟವಾಗುತ್ತದೆ ಎಂಬುದು ಅವರ ವಾದ. ನಮ್ಮ ಕಾಲೇಜಿನಲ್ಲಿ ಜೊತೆಗೆ ವಾಸಿಸುವ ಮಾತು ದೂರ. ಆದರೆ ಜಾರುವುದು ನಮಗೂ ಚೆನ್ನಾಗಿ ಗೊತ್ತು. ಲ್ಯಾಬ್ ಪಾರ್ಟ್‌ನರ್‌ನಿಂದ ನೋಟ್ಸ್‌ಗೆ, ನೋಟ್ಸ್‌ನಿಂದ ಕಾಲ್‌ಗೆ, ಕಾಲ್‌ನಿಂದ ‘ಊಟ ಆಯ್ತಾ’ಗೆ ಜಾರಿ ಬಂದವರೇ ಹೆಚ್ಚು.

ಸಿ ಪ್ರೋಗ್ರಾಮಿಂಗ್ ಓದಿದವರಿಗೆ ಒಂದು ಸಂಗತಿ ನೆನಪಿರಬಹುದು. ಫಂಕ್ಷನ್ ಒಳಗೆ ವೇರಿಯಬಲ್ ಡಿಕ್ಲೇರ್ ಮಾಡಿ ಅದಕ್ಕೆ ಬೆಲೆ ಕೊಡದೆ ಬಿಟ್ಟರೆ ಅದು ಖಾಲಿ ಇರುವುದಿಲ್ಲ. ಅದರೊಳಗೆ ಗಾರ್ಬೇಜ್ ವ್ಯಾಲ್ಯೂ ಕೂತಿರುತ್ತದೆ. ಹೆಸರಿಡದ ಸಂಬಂಧವೂ ಹಾಗೇ. ಖಾಲಿ ಬಿಟ್ಟೆವೆಂದು ನಾವು ಅಂದುಕೊಂಡಿರುತ್ತೇವೆ. ಒಳಗೆ ಆಸೆ, ಅನುಮಾನ, ಲಾಸ್ಟ್ ಸೀನ್ ಟೈಮು, ಗೆಳತಿಯರಿಗೆ ಕಳಿಸಿದ ಸ್ಕ್ರೀನ್‌ಶಾಟ್, ‘ಇದರರ್ಥ ಏನಿರಬಹುದು ಹೇಳೇ’ ಎಂಬ ಚರ್ಚೆ ಎಲ್ಲಾ ತುಂಬಿಕೊಂಡಿರುತ್ತದೆ.

ಮರದ ಕೆಳಗಿನ ಮಾತು

ಈ ಬಗೆಯ ಆಟಗಳು ಬೆಳೆದ ನೆಲ ಜಪಾನ್. 1994ರಲ್ಲಿ ಕೊನಾಮಿ ಕಂಪನಿ ‘ಟೋಕಿಮೆಕಿ ಮೆಮೋರಿಯಲ್’ ಎಂಬ ಆಟ ತಂದಿತು. ಒಬ್ಬ ಹೈಸ್ಕೂಲ್ ಹುಡುಗ, ಮೂರು ವರ್ಷದ ಓದು, ಸುತ್ತ ಒಂದಷ್ಟು ಹುಡುಗಿಯರು. ಪಾಠ, ಕ್ರೀಡೆ, ಕ್ಲಬ್ಬು, ಭಾನುವಾರದ ಸುತ್ತಾಟ ಎಂದು ಸಮಯ ಹಂಚಿಕೊಂಡು ಬದುಕಬೇಕು. ಶಾಲೆಯ ಆವರಣದಲ್ಲೊಂದು ಮರವಿದೆ. ಓದು ಮುಗಿಸಿ ಹೊರಡುವ ದಿನ ಆ ಮರದ ಕೆಳಗೆ ಹುಡುಗಿಯೊಬ್ಬಳು ತನ್ನ ಪ್ರೀತಿ ಹೇಳಿಕೊಂಡರೆ ಆ ಜೋಡಿ ಎಂದೆಂದಿಗೂ ಸುಖವಾಗಿರುತ್ತದೆ ಎಂಬ ಪ್ರತೀತಿ ಆ ಶಾಲೆಯಲ್ಲಿದೆ. ಮೂರು ವರ್ಷದ ಆಟವೆಲ್ಲ ಆ ಒಂದು ಮಾತಿಗಾಗಿ. ಆ ದಿನ ಮರದ ಕೆಳಗೆ ಯಾರೂ ಬರದಿದ್ದರೆ ಹುಡುಗ ಸೋತ ಹಾಗೆ.

ಇದು ಬರೀ ಆಟದವರ ಕಲ್ಪನೆಯಲ್ಲ. ಜಪಾನಿನಲ್ಲಿ ‘ಕೊಕುಹಾಕು’ ಎಂಬ ರೂಢಿಯೇ ಇದೆ. ಒಬ್ಬರು ಇನ್ನೊಬ್ಬರ ಎದುರು ನಿಂತು ‘ನೀನೆಂದರೆ ನನಗಿಷ್ಟ, ನನ್ನ ಜೊತೆ ಇರುತ್ತೀಯಾ’ ಎಂದು ಬಾಯಿಬಿಟ್ಟು ಕೇಳುವುದು. ಅಲ್ಲಿಂದಲೇ ಸಂಬಂಧದ ಲೆಕ್ಕ ಶುರು. ಕೇಳುವ ಮೊದಲು ಎಷ್ಟೇ ಸಿನಿಮಾ ನೋಡಿರಲಿ, ಅದು ಲೆಕ್ಕಕ್ಕಿಲ್ಲ.

ಆ ಆಟದಲ್ಲೇ ಇನ್ನೊಂದು ವಿಚಿತ್ರ ನಿಯಮವಿದೆ. ಪರಿಚಯವಾದ ಹುಡುಗಿಯೊಬ್ಬಳನ್ನು ಬಹಳ ದಿನ ಕಡೆಗಣಿಸಿದರೆ ಅವಳ ಮುಖದ ಪಕ್ಕ ಬಾಂಬಿನ ಚಿತ್ರ ಬರುತ್ತದೆ. ಬಾಂಬು ಸಿಡಿದರೆ ಸುದ್ದಿ ಹಬ್ಬಿ ಉಳಿದವರೂ ಹುಡುಗನ ಮೇಲೆ ಬೇಸರಗೊಳ್ಳುತ್ತಾರೆ. ಹಾಗಾಗಿ ಆಡುವವರು ಏನು ಮಾಡುತ್ತಾರೆ? ಇಷ್ಟವಿಲ್ಲದವಳನ್ನೂ ಆಗಾಗ ಒಂದು ಭಾನುವಾರ ಹೊರಗೆ ಕರೆದುಕೊಂಡು ಹೋಗುತ್ತಾರೆ. ಪ್ರೀತಿಯಿಂದಲ್ಲ, ಬಾಂಬು ಸಿಡಿಯದಿರಲಿ ಎಂದು! ಮೂವತ್ತು ವರ್ಷ ಹಿಂದಿನ ಆಟದ ಈ ನಿಯಮ ಓದಿದಾಗ ನನಗೆ ನಗು ಬರಲಿಲ್ಲ. ಹದಿನೈದು ದಿನ ಸುದ್ದಿಯಿಲ್ಲದೆ ಇದ್ದು, ಎದುರಿನವರು ಇನ್ನೇನು ಬೇಸತ್ತು ದೂರಾಗಬೇಕು ಎನ್ನುವಾಗ ‘ಮಿಸ್ ಯೂ’ ಎಂದು ಒಂದು ಮೆಸೇಜ್ ಹಾಕುವವರು ನಮ್ಮ ನಡುವೆಯೂ ಇದ್ದಾರಲ್ಲ? ಅದೂ ಬಾಂಬು ಆರಿಸುವ ಕೆಲಸವೇ.

ಅದೇ 1994ರಲ್ಲಿ ಕೋಯಿ ಎಂಬ ಇನ್ನೊಂದು ಜಪಾನಿ ಕಂಪನಿಯ ಮಹಿಳೆಯರ ತಂಡ ‘ಏಂಜೆಲಿಕ್’ ಎಂಬ ಆಟ ಮಾಡಿತು. ಹುಡುಗಿಯರಿಗಾಗಿಯೇ ಬಂದ ಪ್ರೇಮದ ಆಟಗಳಲ್ಲಿ ಇದೇ ಮೊದಲನೆಯದು. ಇದರ ನಾಯಕಿ ರಾಣಿಯ ಪಟ್ಟಕ್ಕೆ ಸ್ಪರ್ಧಿಸುವ ಹುಡುಗಿ. ಯಾರನ್ನಾದರೂ ಪ್ರೀತಿಸಿ ಅವರನ್ನೇ ಆರಿಸಿಕೊಂಡರೆ ಪಟ್ಟ ಬಿಡಬೇಕು. ಬದ್ಧತೆ ಎಂದರೆ ಒಂದನ್ನು ಹಿಡಿಯುವುದಷ್ಟೇ ಅಲ್ಲ, ಇನ್ನೊಂದನ್ನು ಬಿಡುವುದೂ ಹೌದು. ನಮಗೆ ಭಯವಿರುವುದು ಬಹುಶಃ ಈ ಬಿಡುವ ಭಾಗದ ಬಗ್ಗೆಯೇ.

ಎಂಟು ಹೃದಯದಾಚೆ

2016ರಲ್ಲಿ ಬಂದ ‘ಸ್ಟಾರ್‌ಡ್ಯೂ ವ್ಯಾಲಿ’ ಮೇಲ್ನೋಟಕ್ಕೆ ಕೃಷಿಯ ಆಟ. ಎರಿಕ್ ಬರೋನ್ ಎಂಬಾತ ಒಬ್ಬನೇ ಕೂತು ಮಾಡಿದ್ದು. ತಾತನ ಜಮೀನಿಗೆ ಬಂದು ಬೆಳೆ ಬೆಳೆಯುತ್ತಾ ಊರಿನವರ ಜೊತೆ ಸ್ನೇಹ ಮಾಡಬೇಕು. ಮಾತಾಡಿದರೆ, ಉಡುಗೊರೆ ಕೊಟ್ಟರೆ ಅವರ ಹೆಸರಿನ ಮುಂದೆ ಹೃದಯಗಳು ತುಂಬುತ್ತಾ ಹೋಗುತ್ತವೆ. ಆದರೆ ಮದುವೆಯಾಗಬಹುದಾದ ಪಾತ್ರಗಳ ವಿಷಯದಲ್ಲಿ ಎಂಟು ಹೃದಯಕ್ಕೆ ಲೆಕ್ಕ ನಿಂತುಬಿಡುತ್ತದೆ. ಆಮೇಲೆ ಐದು ವರ್ಷ ದಿನಾ ಮಾತಾಡಿ, ವಾರಕ್ಕೆರಡು ಉಡುಗೊರೆ ಕೊಡಿ, ಒಂಬತ್ತನೆಯದು ತುಂಬುವುದಿಲ್ಲ. ಅಂಗಡಿಗೆ ಹೋಗಿ 200 ನಾಣ್ಯ ಕೊಟ್ಟು ಒಂದು ಹೂಗುಚ್ಛ ತಂದು ಅವರ ಕೈಗಿಡಬೇಕು. ಆಗ ಮಾತ್ರ ಸ್ನೇಹ ಪ್ರೀತಿಯಾಗುತ್ತದೆ, ಉಳಿದ ಹೃದಯಗಳು ತೆರೆದುಕೊಳ್ಳುತ್ತವೆ.

ಈ ನಿಯಮ ನನಗೆ ತುಂಬಾ ಇಷ್ಟ. ಸ್ನೇಹ ಎಷ್ಟೇ ಗಾಢವಾದರೂ ತಾನಾಗಿ ಬಡ್ತಿ ಹೊಂದಿ ಪ್ರೀತಿಯಾಗುವುದಿಲ್ಲ, ಯಾರಾದರೂ ಒಬ್ಬರು ಹೂ ಹಿಡಿದು ಹೋಗಲೇಬೇಕು ಎಂದು ಆ ಆಟ ಹೇಳುತ್ತದೆ. ನಮ್ಮಲ್ಲಿ ಎಷ್ಟೋ ಜೋಡಿಗಳು ಎಂಟು ಹೃದಯದಲ್ಲಿ ಎರಡು ವರ್ಷ ನಿಂತಿರುತ್ತವೆ. ಇಬ್ಬರೂ ‘ಅವರೇ ಹೇಳಲಿ’ ಎಂದು ಕಾಯುತ್ತಿರುತ್ತಾರೆ.

ಮುಗಿಸುವುದಕ್ಕೂ ಆ ಆಟದಲ್ಲಿ ಕ್ರಮವಿದೆ. ಸಂಬಂಧ ಬೇಡವೆನಿಸಿದರೆ ಮಾಯವಾಗುವ ಹಾಗಿಲ್ಲ. ಹೂಗುಚ್ಛವನ್ನು ಕುಲುಮೆಗೆ ಹಾಕಿ ಬಾಡಿಸಿ, ಆ ಬಾಡಿದ ಹೂವನ್ನು ಅವರ ಕೈಗೇ ಕೊಟ್ಟು ಬರಬೇಕು. ಕೊಡುವಾಗ ಎದುರಿನವರ ಮುಖ ನೋಡಲೇಬೇಕು. ಬ್ಲಾಕ್ ಬಟನ್ ಒತ್ತಿ ಕೈತೊಳೆದುಕೊಳ್ಳುವ ಕಾಲದಲ್ಲಿ ಇದೆಷ್ಟು ಹಳೆಯ ಕಾಲದ ಮರ್ಯಾದೆ ಅನಿಸುತ್ತದೆ.

ಎರಡು ದೋಣಿಯ ಸವಾರಿ

ಇದೆಲ್ಲ ಹುಡುಗಿಯರ ಆಟ ಎಂದು ಮುಖ ಸಿಂಡರಿಸುವ ಹುಡುಗರಿಗೆ ‘ವಿಚರ್ 3’ ನೆನಪಿಸಬೇಕು. 2015ರ ಈ ಆಟವನ್ನು ಆಡದವರು ಬಾಯ್ಸ್ ಹಾಸ್ಟೆಲ್‌ನಲ್ಲಿ ಕಡಿಮೆ. ರಾಕ್ಷಸರನ್ನು ಕೊಲ್ಲುವ ಗೆರಾಲ್ಟ್‌ನ ಬದುಕಿನಲ್ಲಿ ಯೆನ್ನಿಫರ್, ಟ್ರಿಸ್ ಎಂಬ ಇಬ್ಬರು ಮಾಂತ್ರಿಕರಿದ್ದಾರೆ. ಯೆನ್ನಿಫರ್‌ಗೆ ಒಂದು ಅನುಮಾನ. ಹಿಂದೆ ಗೆರಾಲ್ಟ್ ಒಂದು ಜಿನ್ ಬಳಿ ಕೇಳಿಕೊಂಡ ವರದಿಂದ ಇಬ್ಬರ ಹಣೆಬರಹ ಒಂದಕ್ಕೊಂದು ಅಂಟಿಕೊಂಡಿದೆ. ಹಾಗಾದರೆ ತಮ್ಮ ನಡುವೆ ಇರುವುದು ಪ್ರೀತಿಯೋ, ಮಾಯೆಯೋ? ಗೊತ್ತಾಗಲೇಬೇಕೆಂದು ಇನ್ನೊಂದು ಜಿನ್ ಹುಡುಕಿ ಆ ಮಾಯೆಯನ್ನೇ ಒಡೆಸುತ್ತಾಳೆ. ಒಡೆದ ಮೇಲೆ ಉತ್ತರ ಹೇಳುವ ಸರದಿ ನಮ್ಮದು. ಉತ್ತರ ‘ಇಲ್ಲ’ ಎಂದೂ ಆಗಬಹುದೆಂದು ಅವಳಿಗೆ ಗೊತ್ತು. ಆದರೂ ಕೇಳುತ್ತಾಳೆ. ಇಡೀ ಆಟದಲ್ಲಿ ನನಗೆ ಅತಿ ಧೈರ್ಯದ ಕೆಲಸವೆನಿಸಿದ್ದು ಇದೇ.

ಜಾಣತನ ತೋರಿಸಿ ಇಬ್ಬರಿಗೂ ‘ಐ ಲವ್ ಯೂ’ ಹೇಳಿದರೆ? ಮುಂದೊಂದು ದಿನ ಇಬ್ಬರೂ ಸೇರಿ ಗೆರಾಲ್ಟ್‌ನನ್ನು ವಸತಿಗೃಹಕ್ಕೆ ಕರೆದು, ಆಸೆ ತೋರಿಸಿ, ಮಂಚಕ್ಕೆ ಬೇಡಿ ಹಾಕಿ, ಅಲ್ಲೇ ಬಿಟ್ಟು ಹೋಗುತ್ತಾರೆ. ಬಿಡಿಸಲು ಸ್ನೇಹಿತನೇ ಬರಬೇಕು. ಆಟದ ಕೊನೆಗೆ ಇಬ್ಬರೂ ಇಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವರ ಕಥೆ ನಮ್ಮ ಅಜ್ಜಿಯರೂ ಹೇಳುತ್ತಿದ್ದರು, ಬೇಡಿಯೊಂದು ಇರಲಿಲ್ಲ ಅಷ್ಟೇ.

ಗೊಂದಲವೂ ಒಂದು ವ್ಯಾಪಾರ

ಎಲ್ಲಾ ಆಟಗಳೂ ಇಷ್ಟು ಪ್ರಾಮಾಣಿಕವಲ್ಲ. ಫ್ರೀ ಎಂದು ಡೌನ್‌ಲೋಡ್ ಆಗುವ ಕಥೆಗಳಿಗೆ ನಮ್ಮ ಗೊಂದಲವೇ ಬಂಡವಾಳ. 2016ರಲ್ಲಿ ಶುರುವಾದ ‘ಚಾಯ್ಸಸ್’ ಆ್ಯಪ್‌ನಲ್ಲಿ ಅಧ್ಯಾಯ ತೆರೆಯಲು ಕೀ ಬೇಕು, ಕೀ ಖಾಲಿಯಾದರೆ ಗಂಟೆಗಟ್ಟಲೆ ಕಾಯಬೇಕು. ಅವನ ಜೊತೆ ಒಂಟಿಯಾಗಿ ಮಾತಾಡುವ ಆಪ್ಷನ್‌ಗೆ ಡೈಮಂಡ್ ಬೇಕು, ಡೈಮಂಡ್ ಬೇಗ ಬೇಕೆಂದರೆ ದುಡ್ಡು ಕೊಡಬೇಕು. ಅವನು ಮನಸ್ಸು ಬಿಚ್ಚಿ ಮಾತಾಡಿಬಿಟ್ಟರೆ ಕಥೆ ಮುಗಿಯುತ್ತದೆ, ವ್ಯಾಪಾರವೂ ಮುಗಿಯುತ್ತದೆ. ಆದ್ದರಿಂದ ಪ್ರತಿ ಅಧ್ಯಾಯದ ಕೊನೆಗೆ ಅವನು ಏನೋ ಹೇಳಲು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಫೋನ್ ಬರುತ್ತದೆ.

ಅದೇ ವರ್ಷ ಕೊರಿಯಾದ ಚೆರಿಟ್ಜ್ ಕಂಪನಿ ತಂದ ‘ಮಿಸ್ಟಿಕ್ ಮೆಸೆಂಜರ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದು ನೋಡಲು ಥೇಟ್ ಚಾಟಿಂಗ್ ಆ್ಯಪ್. ಹನ್ನೊಂದು ದಿನದ ಕಥೆ ನಿಜವಾದ ಹನ್ನೊಂದು ದಿನ ನಡೆಯುತ್ತದೆ. ಚಾಟ್ ತೆರೆದುಕೊಳ್ಳುವುದು ಅವರ ಟೈಮಿಗೆ, ನಡುರಾತ್ರಿ ದಾಟಿದ ಮೇಲೂ. ತಪ್ಪಿಸಿಕೊಂಡರೆ ಬೆಲೆ ತೆತ್ತು ಓದಬೇಕು. ಮೊದಲ ನಾಲ್ಕು ದಿನ ಎಲ್ಲರ ಜೊತೆ ಮಾತು. ಯಾರ ಮಾತಿಗೆ ಹೆಚ್ಚು ಒಲಿದಿದ್ದೀರೆಂಬ ಲೆಕ್ಕದ ಮೇಲೆ ಐದನೇ ದಿನ ರೂಟ್ ತೀರ್ಮಾನವಾಗುತ್ತದೆ. ಅಲಾರಂ ಇಟ್ಟು ಎದ್ದು ಈ ಆಟ ಆಡಿದವರನ್ನು ನಾನು ಬಲ್ಲೆ. ನಗಬೇಡಿ. ಆಟವಿಲ್ಲದೆಯೂ ಅದೇ ಹೊತ್ತಿಗೆ ಎದ್ದು ಬ್ಲೂ ಟಿಕ್ ಬಂತಾ ಎಂದು ನೋಡುವವರು ಅದಕ್ಕಿಂತ ಹೆಚ್ಚಿದ್ದಾರೆ.

ಯಾಕೆ ಹೀಗೆ? ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧ. ಕುಕ್ಕಿದಾಗಲೆಲ್ಲ ಕಾಳು ಸಿಗುವ ಪಾರಿವಾಳ ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಪಾರಿವಾಳ ಮಾತ್ರ ಕುಕ್ಕುತ್ತಲೇ ಇರುತ್ತದೆ. ಖಚಿತವಾಗಿ ಪ್ರೀತಿಸುವವರಿಗಿಂತ, ಪ್ರೀತಿಸಬಹುದೇನೋ ಎನಿಸುವವರು ನಮ್ಮ ತಲೆಯನ್ನು ಹೆಚ್ಚು ತಿನ್ನುವುದೂ ಇದೇ ಥರ ಇರಬೇಕು.

ಇದರ ಲೆಕ್ಕ ಡೈಮಂಡ್‌ನಲ್ಲಿ ಮುಗಿದರೆ ಪರವಾಗಿಲ್ಲ. ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರಿಗೆ ಪುಣೆಯಲ್ಲಿ ಆರು ತಿಂಗಳ ಇಂಟರ್ನ್‌ಷಿಪ್ ಸಿಕ್ಕಿತ್ತು, ಸ್ಟೈಪೆಂಡ್ ಸಹಿತ. ಅಕ್ಕ ಹೋಗಲಿಲ್ಲ. ಕಾರಣ, ‘ಅವನು’ ಬೆಂಗಳೂರಿನಲ್ಲಿದ್ದ. ಮನೆಯವರಿಗೆ ಅಷ್ಟು ದೂರ ಬೇಡವೆಂದು ಹೇಳಿದರು, ನಮಗೆ ಮಾತ್ರ ನಿಜ ಗೊತ್ತಿತ್ತು. ಒಂದೂವರೆ ವರ್ಷದಲ್ಲಿ ಅವನು ಒಮ್ಮೆಯೂ ‘ಹೌದು’ ಎಂದಿರಲಿಲ್ಲ, ‘ಇಲ್ಲ’ ಎಂದೂ ಅಂದಿರಲಿಲ್ಲ. ಎರಡು ತಿಂಗಳಿಗೆ ಅವನು ಬೇರೊಬ್ಬರ ಜೊತೆಗಿನ ಫೋಟೊ ಹಾಕಿದ. ಅಕ್ಕ ಕೇಳಿದ್ದಕ್ಕೆ ಅವನ ಉತ್ತರ, ‘ನಾನು ಯಾವತ್ತಾದ್ರೂ ನಿಂಗೆ ಪ್ರಾಮಿಸ್ ಮಾಡಿದ್ನಾ?’ ಮಾತಿನ ಮಟ್ಟಿಗೆ ಸರಿ, ಮಾಡಿರಲಿಲ್ಲ. ಅಸ್ಪಷ್ಟತೆಯ ಲಾಭವೇ ಅದು. ಒಬ್ಬರಿಗೆ ಎಲ್ಲಾ ಸವಲತ್ತು, ಇನ್ನೊಬ್ಬರಿಗೆ ಎಲ್ಲಾ ಖರ್ಚು. ಆ ಅಕ್ಕ ಈಗ ಚೆನ್ನಾಗಿದ್ದಾರೆ, ಬೇರೆ ಕಡೆ ಕೆಲಸವೂ ಸಿಕ್ಕಿದೆ. ಆದರೆ ಆ ಆರು ತಿಂಗಳನ್ನು ರೆಸ್ಯೂಮೆಗೆ ತಂದು ಹಾಕುವ ಬಟನ್ ಯಾವ ಆ್ಯಪ್‌ನಲ್ಲೂ ಇಲ್ಲ.

ಆಟ ಹೇಳುವ ಸುಳ್ಳು

ಹಾಗಾದರೆ ಆಟಗಳು ಹೇಳಿದಂತೆ ಧೈರ್ಯವಾಗಿ ಬಟನ್ ಒತ್ತಿದರೆ ಸಾಕೇ? ಇಲ್ಲಿಯೇ ಸುಳ್ಳು ಇರುವುದು. ಆಟದಲ್ಲಿ ಆಯ್ಕೆ ಇರುವುದು ನನಗೊಬ್ಬಳಿಗೇ. ಎದುರಿನ ಪಾತ್ರಕ್ಕೆ ತನ್ನದೇ ಆದ ಮನಸ್ಸಿಲ್ಲ, ಅಂಕ ತುಂಬಿದರೆ ಅದು ‘ಹೌದು’ ಎನ್ನಲೇಬೇಕು. ತಪ್ಪು ಒತ್ತಿದರೂ ಸೇವ್ ಮಾಡಿಟ್ಟ ಜಾಗಕ್ಕೆ ವಾಪಸ್ ಹೋಗಿ ಬೇರೆ ಉತ್ತರ ಕೊಡಬಹುದು.

ಈ ಅಂಕದ ತರ್ಕ ಆಟ ಆಡದವರ ತಲೆಯಲ್ಲೂ ಇದೆ. ‘ಅವಳಿಗೆ ರೆಕಾರ್ಡ್ ಬರೆದುಕೊಟ್ಟೆ, ಮಳೆಯಲ್ಲಿ ಬಸ್‌ಸ್ಟ್ಯಾಂಡಿಗೆ ಡ್ರಾಪ್ ಮಾಡಿದೆ, ಬರ್ತ್‌ಡೇಗೆ ಕೇಕ್ ತಂದೆ, ಆದರೂ ಒಪ್ಪಲಿಲ್ಲ’ ಎಂದು ಲೆಕ್ಕ ಒಪ್ಪಿಸುವ ಹುಡುಗರನ್ನು ಎಲ್ಲಾ ಬ್ರಾಂಚ್‌ನಲ್ಲೂ ನೋಡಬಹುದು. ಹತ್ತು ಸಲ ಹಿಂದೆ ಬಿದ್ದರೆ ಹನ್ನೊಂದನೇ ಸಲ ನಾಯಕಿ ನಗುತ್ತಾಳೆ ಎಂದು ನಮ್ಮ ಸಿನಿಮಾಗಳೂ ಕಲಿಸಿವೆ. ಹುಡುಗಿಯರಲ್ಲೂ ಈ ಲೆಕ್ಕವಿದೆ, ‘ಇಷ್ಟು ತಾಳ್ಮೆಯಿಂದ ಕಾದಿದ್ದೇನೆ, ಕೊನೆಗೆ ನನ್ನ ಬೆಲೆ ಗೊತ್ತಾಗುತ್ತದೆ’ ಎಂಬ ರೂಪದಲ್ಲಿ. ಎರಡೂ ಒಂದೇ ತಪ್ಪು. ನಾವು ಕೂಡಿಸಿಟ್ಟ ಅಂಕ ನಮ್ಮ ಪುಸ್ತಕದಲ್ಲಿದೆ, ಅವರ ಮನಸ್ಸಿನಲ್ಲಿಲ್ಲ. ಸಹಾಯ ಮಾಡಿದ್ದು ಸಹಾಯ, ಮುಂಗಡ ಹಣವಲ್ಲ. ಕೇಳುವ ಹಕ್ಕು ನನ್ನದಾದರೆ ‘ಬೇಡ’ ಎನ್ನುವ ಹಕ್ಕು ಅವರದು. ಬೇಡ ಎಂದ ಮೇಲೆ ಅದು ಇನ್ನೊಂದು ಲೆವೆಲ್ ಅಲ್ಲ, ಅಲ್ಲಿಗೆ ಆಟ ಮುಗಿಯಿತು.

ಆಟ ಮರೆಮಾಚುವ ಇನ್ನೊಂದು ಸಂಗತಿ ನಮ್ಮ ಊರುಗಳಿಗೆ ಸೇರಿದ್ದು. ಸ್ಟಾರ್‌ಡ್ಯೂ ಊರಿನಲ್ಲಿ ಯಾರೂ ‘ಯಾವ ಪೈಕಿ?’ ಎಂದು ಕೇಳುವುದಿಲ್ಲ. ನಮ್ಮಲ್ಲಿ ಹೆಸರು ಕೇಳುವ ಮೊದಲೇ ಕೇಳುತ್ತಾರೆ. ಎಷ್ಟೋ ಜನ ಸಂಬಂಧಕ್ಕೆ ಹೆಸರಿಡದಿರುವುದು ಚಂಚಲತೆಯಿಂದಲ್ಲ, ಹೆದರಿಕೆಯಿಂದ. ಜಾತಿ ಬೇರೆಯೆಂದು ಗೊತ್ತಾದರೆ ಓದು ಬಿಡಿಸಿ ಮನೆಯಲ್ಲಿ ಕೂರಿಸುತ್ತಾರೆ, ಇನ್ನೂ ಕೆಟ್ಟದ್ದೂ ಆಗಬಹುದು ಎಂಬ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಇಂಥವರಿಗೆ ‘ಧೈರ್ಯವಾಗಿ ಎಲ್ಲರಿಗೂ ಹೇಳಿ’ ಎಂದು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇಲ್ಲೊಂದು ವ್ಯತ್ಯಾಸ ನೋಡಬೇಕು. ಊರಿಗೆ ಗುಟ್ಟಾಗಿಡುವುದು ಬೇರೆ, ಒಬ್ಬರಿಗೊಬ್ಬರು ಗುಟ್ಟಾಗಿರುವುದು ಬೇರೆ. ‘ಮನೆಯಲ್ಲಿ ಒಪ್ಪಲ್ಲ’ ಎಂಬ ಮಾತನ್ನು ಮೊದಲ ತಿಂಗಳೇ ಎದುರಿಗಿಟ್ಟು, ‘ಕೆಲಸ ಸಿಗುವವರೆಗೆ ಕಾಯೋಣ, ಆಮೇಲೆ ನಾನು ಮಾತಾಡುತ್ತೇನೆ’ ಎನ್ನುವವರಿಗೆ ಬದ್ಧತೆಯಿದೆ, ಸ್ಟೇಟಸ್‌ನಲ್ಲಿ ಫೋಟೊ ಇಲ್ಲದಿರಬಹುದು ಅಷ್ಟೇ. ಅದೇ ಮಾತನ್ನು ನಾಲ್ಕು ವರ್ಷ ಜೇಬಿನಲ್ಲಿಟ್ಟುಕೊಂಡು, ಫೇರ್‌ವೆಲ್ ಮುಗಿದ ಮೇಲೆ ಹೊರತೆಗೆಯುವವರಿಗೆ ಅದು ಮನೆಯ ಸಮಸ್ಯೆಯಲ್ಲ, ತಪ್ಪಿಸಿಕೊಳ್ಳಲು ಕಾದಿಟ್ಟ ಹಿಂಬಾಗಿಲು.

ಗೆಲ್ಲಲಾಗದ ಒಂದು ಆಟ

ಕೊನೆಗೆ ನನಗೆ ತುಂಬಾ ಹಿಡಿಸಿದ ಆಟದ ಬಗ್ಗೆ ಹೇಳಬೇಕು. 2018ರ ಫೆಬ್ರುವರಿ 14ರಂದು, ಪ್ರೇಮಿಗಳ ದಿನವೇ ಬಂದ ‘ಫ್ಲಾರೆನ್ಸ್’. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ತಯಾರಾದ ಇದನ್ನು ಒಂದು ಗಂಟೆಯೊಳಗೆ ಮುಗಿಸಬಹುದು. ಇಪ್ಪತ್ತೈದರ ಫ್ಲಾರೆನ್ಸ್ ಎಂಬ ಹುಡುಗಿಗೆ ಕ್ರಿಶ್ ಎಂಬ ಹುಡುಗ ಸಿಗುತ್ತಾನೆ. ಭಾರತೀಯ ಮೂಲದವನು, ಚೆಲ್ಲೋ ನುಡಿಸುತ್ತಾನೆ. ಮೊದಲ ಭೇಟಿಯಲ್ಲಿ ಮಾತಾಡಲು ನಾವು ಹಲವು ಚೂರುಗಳನ್ನು ಪಜಲ್‌ನಂತೆ ಜೋಡಿಸಬೇಕು. ಸಲಿಗೆ ಬೆಳೆದ ಹಾಗೆ ಚೂರುಗಳು ಕಡಿಮೆಯಾಗುತ್ತವೆ, ಮಾತು ತಾನಾಗಿ ಬರುತ್ತದೆ. ಜಗಳ ಶುರುವಾದಾಗ ಚೂರುಗಳ ಅಂಚು ಚೂಪಾಗುತ್ತದೆ. ಅವನು ಅವಳ ಮನೆಗೆ ಬಂದಾಗ ಇಬ್ಬರ ಸಾಮಾನಿಗೂ ಶೆಲ್ಫ್‌ನಲ್ಲಿ ಜಾಗ ಮಾಡಿಕೊಡಬೇಕು. ಯಾವುದನ್ನಾದರೂ ಒಳಗೆ ಸರಿಸದೆ ಇನ್ನೊಂದಕ್ಕೆ ಜಾಗವಿಲ್ಲ.

ಮುಂದೆ ಇಬ್ಬರೂ ದೂರವಾಗುತ್ತಾರೆ. ಆಗ ಚಿತ್ರದ ಚೂರುಗಳನ್ನು ನಾವು ಎಷ್ಟು ಸಲ ಹತ್ತಿರ ತಂದರೂ ಅವು ಬೇರೆಯಾಗಿ ತೇಲುತ್ತವೆ. ಎಷ್ಟೇ ಬುದ್ಧಿ ಓಡಿಸಿದರೂ ಅವರನ್ನು ಒಂದು ಮಾಡುವ ದಾರಿ ಆಟದಲ್ಲಿಲ್ಲ. ಆದರೂ ಆ ಸಂಬಂಧ ವ್ಯರ್ಥವಾಯಿತೆಂದು ನನಗೆ ಅನಿಸಲಿಲ್ಲ. ಕ್ರಿಶ್ ಅವಳಿಗೆ ಕೊಟ್ಟ ಬಣ್ಣದ ಪೆಟ್ಟಿಗೆಯಿಂದ ಅವಳ ಚಿತ್ರ ಬಿಡಿಸುವ ಹಳೆಯ ಆಸೆ ಮತ್ತೆ ಚಿಗುರುತ್ತದೆ, ಅವಳ ಒತ್ತಾಸೆಯಿಂದ ಅವನು ಸಂಗೀತ ಶಾಲೆ ಸೇರುತ್ತಾನೆ. ಹೆಸರಿಟ್ಟ ಸಂಬಂಧವೂ ಮುರಿಯಬಹುದು. ಆದರೆ ಅದಕ್ಕೊಂದು ಆರಂಭವಿತ್ತು, ಕೊನೆಯಿತ್ತು. ಆದ್ದರಿಂದ ದುಃಖಕ್ಕೂ ಒಂದು ಜಾಗವಿತ್ತು. ಹೆಸರಿಡದ ಸಂಬಂಧ ಮುರಿದಾಗ ಅಳುವುದಕ್ಕೂ ಅರ್ಹತೆಯಿಲ್ಲವೇನೋ ಎಂಬಂತೆ ಕೂರಬೇಕಾಗುತ್ತದೆ. ‘ನಿಮ್ಮ ಮಧ್ಯೆ ಏನೂ ಇರ್ಲಿಲ್ವಲ್ಲ, ಯಾಕೆ ಅಳ್ತೀಯ?’ ಎಂದು ಕೇಳಿಬಿಡುತ್ತಾರಲ್ಲ!

ಇಪ್ಪತ್ತರ ವಯಸ್ಸಿಗೆ ಎಲ್ಲರಿಗೂ ಎಲ್ಲವೂ ಸ್ಪಷ್ಟವಾಗಿರಬೇಕು ಎಂದು ನಾನು ಹೇಳುತ್ತಿಲ್ಲ. ಇಂಟರ್ನಲ್ಸ್, ಪ್ಲೇಸ್‌ಮೆಂಟ್, ಮನೆಯ ಸಾಲ, ತಂಗಿಯ ಓದು ಇವೆಲ್ಲದರ ನಡುವೆ ಪ್ರೀತಿಗೆ ಜಾಗವಿದೆಯೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ. ಹಾಗಿದ್ದರೆ ಅದನ್ನೇ ಹೇಳಬಹುದು. ‘ನಿನ್ನ ಜೊತೆ ಇರುವುದು ಇಷ್ಟ, ಆದರೆ ನಾನಿನ್ನೂ ತೀರ್ಮಾನ ಮಾಡಿಲ್ಲ. ನೀನು ನನಗಾಗಿ ಏನನ್ನೂ ಬಿಡಬೇಡ’ ಎಂಬುದೂ ಪ್ರಾಮಾಣಿಕ ಉತ್ತರವೇ. ಅದನ್ನು ಕೇಳಿದವರು ಕಾಯಬೇಕೋ, ಹೊರಡಬೇಕೋ ಎಂದು ತಾವೇ ಆರಿಸಬಹುದು. ಸುಮ್ಮನಿದ್ದುಬಿಟ್ಟರೆ ಅವರ ಆಯ್ಕೆಯನ್ನೂ ನಾವು ಕಿತ್ತುಕೊಂಡ ಹಾಗೆ.

ಆಟದಲ್ಲಿ ಆಪ್ಷನ್‌ಗಳನ್ನು ಬೇರೆ ಯಾರೋ ಬರೆದಿಟ್ಟಿರುತ್ತಾರೆ, ನಾವು ಒತ್ತಿದರೆ ಸಾಕು. ಇಲ್ಲಿ ಪ್ರಶ್ನೆಯನ್ನೂ ನಾವೇ ಬರೆಯಬೇಕು, ಕೇಳುವಾಗ ಕೈ ನಡುಗುತ್ತದೆ, ಉತ್ತರ ನಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ಆದರೂ ಇವತ್ತು ರಾತ್ರಿ ‘ಊಟ ಆಯ್ತಾ’ ಎಂದು ಟೈಪ್ ಮಾಡುವ ಮೊದಲು ಒಂದು ಕ್ಷಣ ನಿಂತು ಯೋಚಿಸಿ. ಅದರ ಬದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆಯಾ? ಇದ್ದರೆ, ಮೆಸೇಜ್‌ನಲ್ಲಿ ಬೇಡ. ನಾಳೆ ಕ್ಯಾಂಟೀನಿನಲ್ಲಿ ಎದುರು ಕೂತು ಕೇಳಿ.